ಅಪ್ಪಯ್ಯನ ರ-ಕಾರ ಮತ್ತು ಹಾರ್ಫ್‌ಬಜ್‌ನ ಏಳೆಂಟು ಸಾಲು

ಕಳೆದ ತಿಂಗಳು ಒಂದು ಶನಿವಾರ ರಾತ್ರಿ ಊರಿಂದ ಅಪ್ಪಯ್ಯನ ಫೋನು. ಸಾಮಾನ್ಯವಾಗಿ ಅವರ ಫೋನು ಅಂದರೆ ಮೊದಲು ಮಳೆ, ಆಮೇಲೆ ಅಡಿಕೆಯ ಕೊಳೆರೋಗ, ಕೊನೆಗೆ "ಊಟ ಆಯ್ತಾ?". ಅವತ್ತು ಮಳೆಯೂ ಇಲ್ಲ, ಅಡಿಕೆಯೂ ಇಲ್ಲ. ನೇರ ವಿಷಯಕ್ಕೇ ಬಂದರು.

"ನೀ ಕಳಿಸಿದ ಪುಸ್ತಕ ನೋಡ್ದೆ ಮಾರಾಯ. ಇದು ನಾ ಬರೆದದ್ದಲ್ಲ."

ಎದೆ ಧಸಕ್ ಅಂತು. ಯಾವುದೋ ಬೇರೆ ಫೈಲು ಕಳಿಸಿಬಿಟ್ಟೆನಾ?

"ಕತೆ ನಂದೇ. ಅಕ್ಷರ ನಂದಲ್ಲ. ಸೂರ‍್ಯ ಅಂತ ಬರೆದಿದ್ದೆ. ಇಲ್ಲಿ ನೋಡಿದ್ರೆ ರ ಒಂದು ಕಡೆ, ಯ ಒಂದು ಕಡೆ. ಗಂಡ ಹೆಂಡ್ತಿ ಜಗಳ ಆಡಿ ಕೂತ ಹಾಗೆ!"

ಹಿನ್ನೆಲೆ ಸ್ವಲ್ಪ ಹೇಳಿಬಿಡ್ತೀನಿ. ಅಪ್ಪಯ್ಯ ಸಾಗರದ ಕಡೆ ಹಳ್ಳಿ ಶಾಲೆಯಲ್ಲಿ ಮೇಷ್ಟ್ರಾಗಿದ್ದವರು. ರಿಟೈರ್ ಆದ ಮೇಲೆ, 2007ರಲ್ಲಿ, ತಮ್ಮ ಮನೆಗೆ ಕಂಪ್ಯೂಟರ್ ತಂದಾಗ, ಹಟ ಹಿಡಿದು ಕನ್ನಡ ಟೈಪಿಂಗ್ ಕಲಿತರು. ಒಂದೇ ಬೆರಳಲ್ಲಿ ಕುಟ್ಟಿ ಕುಟ್ಟಿ ಎರಡು ವರ್ಷದಲ್ಲಿ ತಮ್ಮ ಶಾಲೆಯ ನೆನಪುಗಳನ್ನು ಬರೆದಿಟ್ಟರು. ಈ ವರ್ಷ ಅವರಿಗೆ ಎಂಬತ್ತು. ಆ ಹೊತ್ತಿಗೆ ಅದನ್ನೊಂದು ಪುಟ್ಟ ಪುಸ್ತಕ ಮಾಡಿ ಬಂಧುಗಳಿಗೆ ಹಂಚೋಣ ಅಂತ ನಾವು ಮಕ್ಕಳು ತೀರ್ಮಾನ ಮಾಡಿದ್ವಿ. ಪುಟ ಜೋಡಿಸೋ ಕೆಲಸ ನನ್ನ ಪಾಲಿಗೆ ಬಂತು. "ನೀನು ಸಾಫ್ಟ್‌ವೇರ್ ಅಲ್ವಾ" ಅನ್ನೋದು ತಮ್ಮನ ತರ್ಕ. ಹೊಟ್ಟೆಪಾಡಿಗೆ ಜಾವಾ ಬರೆಯೋನಿಗೂ ಪುಟ ವಿನ್ಯಾಸಕ್ಕೂ ಏನು ಸಂಬಂಧವೋ ದೇವರೇ ಬಲ್ಲ!

ಇರಲಿ. ಇಲ್ಲಿ ವುಡ್‌ಲ್ಯಾಂಡ್ಸ್‌ನ ಮನೆಯಲ್ಲಿ ಕೂತು ಒಂದು ಪುಟ ಜೋಡಿಸುವ ಪ್ರೋಗ್ರಾಮಿಗೆ ಅವರ ಬರಹ ಸುರಿದು, ಪಿಡಿಎಫ್ ಮಾಡಿ, ಸರಿಯಾಗಿ ನೋಡದೇ ಕಳಿಸಿದ್ದೆ. ಫೋನ್ ಇಟ್ಟ ಮೇಲೆ ತೆರೆದು ನೋಡಿದರೆ ಅಪ್ಪಯ್ಯ ಹೇಳಿದ್ದು ನಿಜ. ಸೂರ್‌ಯ. ಕೀರ್‌ತಿ. ಮಾರ್‌ಗ. ಪುಟದ ತುಂಬ ಒಡೆದ ಅಕ್ಷರ. ಅದೇ ಫೈಲು ಬ್ರೌಸರಿನಲ್ಲಿ ತೆರೆದರೆ ಎಲ್ಲಾ ಸರಿ!

* * *

ಸುಲಭದ ದಾರಿ ಒಂದಿತ್ತು. ಒಡೆದ ಕಡೆಯಲ್ಲೆಲ್ಲ ಅರ್ಕಾವತ್ತು ಹಾಕಿ ಸೂರ್ಯ, ಕೀರ್ತಿ, ಮಾರ್ಗ ಅಂತ ಬದಲಿಸಿಬಿಡೋದು. ಹುಡುಕು-ಬದಲಿಸು ಒತ್ತಿದರೆ ಎರಡು ನಿಮಿಷದ ಕೆಲಸ. ಎಲ್ಲರೂ ಬರೆಯೋದೂ ಹಾಗೇ ತಾನೆ? ಮರುದಿನ ಫೋನಲ್ಲಿ ಹಾಗಂತ ಹೇಳಿಯೂ ಹೇಳಿದೆ.

"ಬೇಡ" ಅಂದರು ಅಪ್ಪಯ್ಯ. ಕಾರಣವನ್ನೂ ಹೇಳಿದರು. ಅವರು ಒಂದನೇ, ಎರಡನೇ ಕ್ಲಾಸಿನ ಮಕ್ಕಳಿಗೆ ಮೂವತ್ತು ವರ್ಷ ಕಲಿಸಿದವರು. ಮಕ್ಕಳು ಅಕ್ಷರ ಕಲಿತು ಒತ್ತಕ್ಷರವನ್ನೂ ದಾಟುತ್ತವೆ. ಅರ್ಕಾವತ್ತು ಬಂದಾಗ ಮಾತ್ರ ಎಡವುತ್ತವೆ. ಯಾಕಂದ್ರೆ ಬಾಯಲ್ಲಿ ಮೊದಲು ಬರೋ ರ-ಕಾರವನ್ನ ಬರೆಯೋವಾಗ ಮುಂದಿನ ಅಕ್ಷರದ ಬಾಲಕ್ಕೆ ಅಂಟಿಸಬೇಕು. ಸೂರ್ಯ ಅನ್ನೋದನ್ನ ಕಣ್ಣಿಗೆ ಕಂಡ ಹಾಗೆ ಓದಿ "ಸೂಯರ್" ಅನ್ನೋ ಮಗು ಪ್ರತಿ ವರ್ಷ ಒಂದಾದರೂ ಇರುತ್ತಿತ್ತಂತೆ. ಅದಕ್ಕೇ ಅವರು ಮೊದಲು ರ ಪೂರ್ತಿ ಬರೆದು ಅದರ ಕೆಳಗೆ ಒತ್ತು ಹಾಕಿ ಕಲಿಸುತ್ತಿದ್ದರು. ಸೂರ‍್ಯ. ಕಿವಿಗೆ ಕೇಳಿದ ಕ್ರಮದಲ್ಲೇ ಕಣ್ಣಿಗೂ ಕಾಣುತ್ತೆ. ಅದು ರೂಢಿ ಆದ ಮೇಲೆ ಅರ್ಕಾವತ್ತು.

"ಆ ಪುಸ್ತಕ ನಾ ಬರೆದದ್ದು ಮೊಮ್ಮಕ್ಕಳು ಓದಲಿ ಅಂತ. ಅದ್ಕೇ ಹಂಗೆ ಬರೆದೆ."

ಈ ಮಾತಿಗೆ ನನ್ನ ಹತ್ರ ಉತ್ತರ ಇರಲಿಲ್ಲ. ಇಲ್ಲಿನ ಶಾಲೆಗಳಲ್ಲಿ ತಮಿಳು ಕಲಿಯಬಹುದು. ಹಿಂದಿ, ಬಂಗಾಳಿ, ಗುಜರಾತಿ, ಪಂಜಾಬಿ, ಉರ್ದು ಕೂಡ ಕಲಿಯಬಹುದು. ಕನ್ನಡ ಇಲ್ಲ. ನನ್ನ ಮಗಳು ಶಾಲೆಯಲ್ಲಿ ಹಿಂದಿ ಕಲೀತಾಳೆ. ಕನ್ನಡ ಮಾತಾಡ್ತಾಳೆ, ಓದೋದು ಮಾತ್ರ ಮನೆಯಲ್ಲಿ ನಾವು ಕಲಿಸಿದಷ್ಟೇ. ಅವಳು ಎಡವೋದೂ ಎಲ್ಲಿ ಗೊತ್ತಾ? ಅರ್ಕಾವತ್ತಿನಲ್ಲೇ!

ಅಂದಹಾಗೆ ಹೀಗೆ ಬರೆಯೋದು ಅಪ್ಪಯ್ಯನ ಒಬ್ಬರ ಹಟ ಏನಲ್ಲ. ಹೊಸಬರಹ ಅಂತ ಡಿ. ಎನ್. ಶಂಕರ ಬಟ್ಟರ ದಾರಿಯಲ್ಲಿ ಬರೆಯುವವರು ಕರ‍್ನಾಟಕ ಅಂತ ರ ಬಿಡಿಸಿ ಬರೆಯೋದನ್ನ ನೀವು ನೋಡಿರಬಹುದು. ಮಾಮೂಲಿ ಕನ್ನಡದಲ್ಲೂ ರ‍್ಯಾಂಕ್, ರ‍್ಯಾಲಿ ಬರೆಯುವಾಗ ಎಲ್ಲರಿಗೂ ಈ ರೂಪ ಬೇಕೇ ಬೇಕು. ಪದದ ಮೊದಲಲ್ಲೇ ಅರ್ಕಾವತ್ತು ಹಾಕಿ "ರ್ಯಾಂಕ್" ಅಂತ ಬರೆದರೆ ಯಾ ಮೊದಲು ಕಂಡು ರ-ಕಾರ ಅದರ ಬೆನ್ನಿಗೆ ನೇತಾಡುತ್ತೆ. ಪತ್ರಿಕೆಗಳಲ್ಲಿ ಫಲಿತಾಂಶದ ದಿನ ನೋಡಿ ನಕ್ಕಿರ್ತೀರಿ :-)

ಹಾಗಾಗಿ ಅಪ್ಪಯ್ಯನ ಅಕ್ಷರ ಬದಲಿಸಬಾರದು ಅಂತ ನಿರ್ಧಾರ ಆಯ್ತು. ಬದಲಾಗಬೇಕಾದ್ದು ಅದನ್ನ ತಪ್ಪಾಗಿ ತೋರಿಸ್ತಿರೋ ಯಂತ್ರ. ಆದರೆ ಆ ಯಂತ್ರ ಎಲ್ಲಿದೆ?

* * *

ಮೊದಲು ಫೈಲಿನೊಳಗೆ ಏನಿದೆ ನೋಡಿದೆ. ಕಂಪ್ಯೂಟರು ಸೂರ್ಯ ಅನ್ನೋದನ್ನ ಚಿತ್ರವಾಗಿ ಇಟ್ಟುಕೊಳ್ಳೋದಿಲ್ಲ, ಸಂಖ್ಯೆಗಳಾಗಿ ಇಟ್ಟುಕೊಳ್ಳುತ್ತೆ. ಯುನಿಕೋಡಿನಲ್ಲಿ ಕನ್ನಡಕ್ಕೆ 128 ಮನೆಗಳ ಒಂದು ಕೇರಿ ಇದೆ. ಅದರಲ್ಲಿ ರ ಒಂದು ಮನೆ, ಯ ಒಂದು ಮನೆ, ಹಲಂತ (ಅದೇ ನಮ್ಮ ಅರೆ ಅಕ್ಷರದ ಕೊಂಬು) ಒಂದು ಮನೆ. ಒತ್ತಕ್ಷರಗಳಿಗೆ, ಅರ್ಕಾವತ್ತಿಗೆ ಸ್ವಂತ ಮನೆಯೇ ಇಲ್ಲ! ರ, ಹಲಂತ, ಯ ಈ ಮೂರು ಸಾಲಾಗಿ ಬಂದರೆ ಅದೇ ರ್ಯ.

ಹಾಗಾದರೆ ಅರ್ಕಾವತ್ತು ಬೇಡ, ರ ಪೂರ್ತಿ ಬೇಕು ಅಂತ ಹೇಳೋದು ಹೇಗೆ? ಅದಕ್ಕೆ ಕಣ್ಣಿಗೆ ಕಾಣದ ಒಂದು ಅಕ್ಷರ ಇದೆ. ಝೀರೋ ವಿಡ್ತ್ ಜಾಯ್ನರ್, ಅಗಲವಿಲ್ಲದ ಜೋಡಕ. ಈಗಿನ ನಿಯಮದ ಪ್ರಕಾರ ರ, ಜೋಡಕ, ಹಲಂತ, ಯ ಅಂತ ಬರಬೇಕು. ಅಂದರೆ ಜೋಡಕ ರ ಆದ ಕೂಡಲೇ, ಹಲಂತಕ್ಕೆ ಮುಂಚೆ.

ಅಪ್ಪಯ್ಯನ ಫೈಲಿನಲ್ಲಿ ಇದ್ದದ್ದು ರ, ಹಲಂತ, ಜೋಡಕ, ಯ. ಜೋಡಕ ಇದೆ, ಒಂದು ಮನೆ ಆಚೆ!

ತಪ್ಪು ಅವರದ್ದಲ್ಲ. ಅವರು ಒತ್ತಿದ್ದು ಆಗಿನ ಕೀಲಿಮಣೆ ಪ್ರೋಗ್ರಾಮು ಹೇಳಿಕೊಟ್ಟ ಕೀಲಿ. ಹಳೆಯ ಪದ್ಧತಿಯಲ್ಲಿ ಜೋಡಕ ಹಲಂತದ ನಂತರ ಬರ್ತಿತ್ತು. ಆಗಿನ ಕಂಪ್ಯೂಟರು ಅದನ್ನ ಸರಿಯಾಗಿಯೇ ತೋರಿಸ್ತಿತ್ತು. ಪದ್ಧತಿ ಬದಲಾಯ್ತು, ಫೈಲು ಹಳೆಯದೇ ಉಳೀತು. ಅವರ ಪೀಳಿಗೆಯವರು ಆ ದಿನಗಳಲ್ಲಿ ಟೈಪ್ ಮಾಡಿಟ್ಟ ಬರಹ ಇನ್ನೆಷ್ಟು ಹೀಗೆ ಇದೆಯೋ!

ಈಗ ಪ್ರಶ್ನೆ, ಬ್ರೌಸರಿಗೆ ಈ ಹಳೆಯ ಪದ್ಧತಿ ಹೇಗೆ ಗೊತ್ತು? ಪುಟ ಜೋಡಿಸೋ ಪ್ರೋಗ್ರಾಮಿಗೆ ಯಾಕೆ ಗೊತ್ತಿಲ್ಲ?

* * *

ಇಲ್ಲಿ ನಮ್ಮ ಕಥಾನಾಯಕನ ಪ್ರವೇಶ. ಹೆಸರು ಹಾರ್ಫ್‌ಬಜ್. ವಿಚಿತ್ರ ಹೆಸರು ಅನ್ನಿಸುತ್ತೆ ಅಲ್ವಾ? ಪಾರ್ಸಿ ಭಾಷೆಯಲ್ಲಿ ಹರ್ಫ್ ಅಂದರೆ ಅಕ್ಷರ, ಬಾಜ್ ಅಂದರೆ ತೆರೆದದ್ದು. ಓಪನ್‌ಟೈಪ್ ಅನ್ನೋ ಫಾಂಟ್ ಪದ್ಧತಿಯ ಹೆಸರನ್ನೇ ಪಾರ್ಸಿಗೆ ತಿರುಗಿಸಿ ಇಟ್ಟದ್ದು. ಇದನ್ನ ಬೆಳೆಸಿದ ಬೆಹ್ದಾದ್ ಇಸ್ಫಹಬೋದ್ ಇರಾನಿನಲ್ಲಿ ಹುಟ್ಟಿ ಕೆನಡಾಕ್ಕೆ ಹೋದವರು.

ಇದರ ಕೆಲಸ ಇಷ್ಟೇ: ಒಂದು ಕಡೆಯಿಂದ ಯುನಿಕೋಡ್ ಸಂಖ್ಯೆಗಳನ್ನ ತಗೊಂಡು, ಫಾಂಟಿನೊಳಗಿನ ಯಾವ ಯಾವ ಅಚ್ಚು ಯಾವ ಕ್ರಮದಲ್ಲಿ ಎಲ್ಲಿ ಕೂರಬೇಕು ಅಂತ ಇನ್ನೊಂದು ಕಡೆಯಿಂದ ಹೇಳೋದು. ಹಳೆ ಪ್ರೆಸ್ಸುಗಳಲ್ಲಿ ಮೊಳೆ ಜೋಡಿಸ್ತಿದ್ರಲ್ಲ, ಅದೇ ಕೆಲಸ. ಫೈರ್‌ಫಾಕ್ಸ್, ಕ್ರೋಮ್, ಆಂಡ್ರಾಯ್ಡ್ ಎಲ್ಲದರ ಒಳಗೂ ಈ ಮೊಳೆ ಜೋಡಿಸೋನೇ ಇದ್ದಾನೆ. ಲಿಬ್ರೆಆಫೀಸ್ 2017ರ 5.3ನೇ ಆವೃತ್ತಿಯಿಂದ ಎಲ್ಲ ಕಂಪ್ಯೂಟರುಗಳಲ್ಲೂ ಇವನನ್ನೇ ನೆಚ್ಚಿಕೊಂಡಿದೆ. ನೀವು ಆಂಡ್ರಾಯ್ಡ್ ಫೋನಲ್ಲಿ ಈ ಸಾಲು ಓದ್ತಿದ್ದರೆ, ಈ ಕ್ಷಣ ನಿಮ್ಮ ಕಣ್ಣ ಮುಂದೆ ಇರೋ ಒತ್ತುಗಳನ್ನ ಕೂರಿಸಿದ್ದು ಅವನೇ.

ಮುಕ್ತ ತಂತ್ರಾಂಶ ಆದ್ದರಿಂದ ಇದರ ಮೂಲ, ಅಂದರೆ ಸೋರ್ಸು, ಯಾರು ಬೇಕಾದರೂ ತೆಗೆದುಕೊಂಡು ಓದಬಹುದು, ತಿದ್ದಬಹುದು, ಹಂಚಬಹುದು. ಈ ಮಾತನ್ನ ಇಪ್ಪತ್ತು ವರ್ಷದಿಂದ ಹೇಳ್ಕೊಂಡು ಬಂದಿದ್ದೀನಿ, ಭಾಷಣದಲ್ಲಿ. ಒಂದು ಸಲವೂ ಮಾಡಿ ನೋಡಿರಲಿಲ್ಲ ಅನ್ನೋದು ನಾಚಿಕೆಯ ವಿಷಯ.

ಮುಂದಿನ ಶನಿವಾರ ಲ್ಯಾಪ್‌ಟಾಪ್ ಎತ್ಕೊಂಡು ವುಡ್‌ಲ್ಯಾಂಡ್ಸ್ ರೀಜನಲ್ ಲೈಬ್ರರಿಗೆ ಹೋಗಿ ಕೂತೆ. ಮಗಳನ್ನ ಮಕ್ಕಳ ವಿಭಾಗದಲ್ಲಿ ಬಿಟ್ಟು, ಗಿಟ್‌ನಲ್ಲಿ ಇಡೀ ಮೂಲ ಇಳಿಸಿಕೊಂಡೆ. ಕಟ್ಟೋದಕ್ಕೆ, ಅಂದರೆ ಬಿಲ್ಡ್ ಮಾಡೋದಕ್ಕೆ, ಮೊದಲು ಕಾನ್ಫಿಗರ್, ಮೇಕ್ ಅಂತ ಹಳೆಯ ಶಾಸ್ತ್ರ ಇತ್ತು. ಈಗ ಮೆಸಾನ್ ಮತ್ತು ನಿಂಜಾ. ಮೆಸಾನ್ ಮನೆಯಲ್ಲಿ ಏನೇನು ಸಾಮಾನು ಇದೆ ಅಂತ ನೋಡಿ ಅಡುಗೆಯ ಪಟ್ಟಿ ಬರೆಯುತ್ತೆ, ನಿಂಜಾ ಆ ಪಟ್ಟಿ ನೋಡಿ ಅಡುಗೆ ಮಾಡುತ್ತೆ. ಎರಡು ಆಜ್ಞೆ, ಅಷ್ಟೇ. ಸಿ ಪ್ಲಸ್ ಪ್ಲಸ್ ಅಂದರೆ ಇಡೀ ದಿನ ಆಗಬಹುದು ಅಂದ್ಕೊಂಡಿದ್ದೆ. ನೀರಿನ ಬಾಟಲಿ ತುಂಬಿಸಿಕೊಂಡು ಬರೋಷ್ಟರಲ್ಲಿ ಮುಗಿದಿತ್ತು. ಕೆಂಪು ಅಕ್ಷರ ಒಂದೂ ಇಲ್ಲ!

ಖುಷಿ ಹೆಚ್ಚು ಹೊತ್ತು ಉಳೀಲಿಲ್ಲ. ಹಾರ್ಫ್‌ಬಜ್ ಜೊತೆ ಕೆಲವು ಪುಟ್ಟ ಉಪಕರಣ ಬರುತ್ತವೆ. ಎಚ್‌ಬಿ-ಶೇಪ್ ಅನ್ನೋದಕ್ಕೆ ಫಾಂಟು, ಪದ ಎರಡನ್ನೂ ಕೊಟ್ಟರೆ ಯಾವ ಅಚ್ಚುಗಳನ್ನ ಆರಿಸಿತು ಅಂತ ಪಟ್ಟಿ ಕೊಡುತ್ತೆ. ಎಚ್‌ಬಿ-ವ್ಯೂ ಅದನ್ನ ಚಿತ್ರ ಬಿಡಿಸಿ ತೋರಿಸುತ್ತೆ. ನನಗೆ ಬೇಕಾಗಿದ್ದು ಎರಡನೆಯದು. ಎಲ್ಲ ಕಡೆ ಹುಡುಕಿದರೂ ಇಲ್ಲ. ಮತ್ತೆ ಕಟ್ಟಿದೆ, ಇಲ್ಲ. ಅರ್ಧ ಗಂಟೆ ತಲೆ ಕೆರ್ಕೊಂಡ ಮೇಲೆ ಮೆಸಾನ್ ಮೊದಲಲ್ಲೇ ಉದ್ದಕ್ಕೆ ಉದುರಿಸಿದ್ದ ಪಟ್ಟಿ ಓದಿದೆ. ಅಲ್ಲಿ ಬರೆದಿತ್ತು: ಕೈರೋ ಇಲ್ಲ. ಕೈರೋ ಅಂದರೆ ಚಿತ್ರ ಬಿಡಿಸೋ ಇನ್ನೊಂದು ಲೈಬ್ರರಿ. ಅದರ ಡೆವಲಪ್‌ಮೆಂಟ್ ಪ್ಯಾಕೇಜು ನನ್ನ ಉಬುಂಟುವಿನಲ್ಲಿ ಇರಲಿಲ್ಲ. ಸಾಮಾನು ಇಲ್ಲ ಅಂದಾಗ ಮೆಸಾನ್ ಜಗಳ ಆಡೋದಿಲ್ಲ, ಆ ಒಂದು ಪಲ್ಯ ಬಿಟ್ಟು ಉಳಿದ ಅಡುಗೆ ಮಾಡಿ ಬಡಿಸುತ್ತೆ. ಹಾಗಾಗಿ ನೀವು ಮಾಡಿ ನೋಡೋದಾದರೆ ನನ್ನ ಮೊದಲ ಮಾತು ಇದು: ಕೊನೇ ಸಾಲಲ್ಲ, ಮೊದಲ ಪಟ್ಟಿ ಓದಿ.

ಕೈರೋ ಹಾಕಿ ಮತ್ತೆ ಕಟ್ಟಿದೆ. ಲೋಹಿತ್ ಕನ್ನಡ ಫಾಂಟು ಕೊಟ್ಟು ಅಪ್ಪಯ್ಯನ ಫೈಲಿಂದ ಒಂದು ಪದ ಕತ್ತರಿಸಿ ಹಾಕಿದೆ. ಸೂರ‍್ಯ. ಮುತ್ತಿನ ಹಾಗೆ ಬಂತು.

ಅಂದರೆ ಇವತ್ತಿನ ಹಾರ್ಫ್‌ಬಜ್‌ಗೆ ಹಳೆಯ ಪದ್ಧತಿ ಗೊತ್ತು. ಯಾರೋ ಹೇಳಿಕೊಟ್ಟಿದ್ದಾರೆ. ಎಲ್ಲಿ?

* * *

ಮೂಲದಲ್ಲಿ ಭಾರತೀಯ ಲಿಪಿಗಳಿಗೆ ಅಂತಲೇ ಒಂದು ಫೈಲಿದೆ, ಹೆಸರಿನ ಕೊನೆಯಲ್ಲಿ ಇಂಡಿಕ್ ಅಂತ ಇರೋದು. ತೆರೆದರೆ ಮೊದಲ ಭಾಗದಲ್ಲೇ ಒಂದು ಕೋಷ್ಟಕ. ದೇವನಾಗರಿ, ಬಂಗಾಳಿಯಿಂದ ಹಿಡಿದು ಮಲಯಾಳದವರೆಗೆ ಒಂದೊಂದು ಲಿಪಿಗೆ ಒಂದೊಂದು ಸಾಲು. ಕನ್ನಡಕ್ಕೂ ಒಂದು ಸಾಲು! ನಿಜ ಹೇಳ್ತೀನಿ, ಆ ದೊಡ್ಡ ಕಾಡಿನಲ್ಲಿ ಕನ್ನಡ ಅನ್ನೋ ಹೆಸರು ಕಂಡಾಗ, ಜೋಹೋರ್‌ನ ಬಸ್ ಸ್ಟ್ಯಾಂಡಿನಲ್ಲಿ ಯಾರೋ "ಏನ್ರೀ" ಅಂದ ಹಾಗಾಯ್ತು.

ಆ ಒಂದು ಸಾಲಲ್ಲಿ ನಮ್ಮ ಲಿಪಿಯ ಜಾತಕ ಇದೆ. ಹಲಂತದ ಸಂಖ್ಯೆ ಯಾವುದು. ಒಂದು ಗುಂಪಿನಲ್ಲಿ ಮೂಲಾಕ್ಷರ ಯಾವುದು ಅಂತ ಎಲ್ಲಿಂದ ಹುಡುಕಬೇಕು (ಹಿಂದಿನಿಂದ ಶುರು ಮಾಡಿ, ಒತ್ತಾಗಬಲ್ಲ ಅಕ್ಷರಗಳನ್ನ ದಾಟಿಕೊಂಡು ಬರಬೇಕು). ಅರ್ಕಾವತ್ತು ಎಲ್ಲಿ ಕೂರಬೇಕು (ಎಲ್ಲ ಮುಗಿದ ಮೇಲೆ). ಅರ್ಕಾವತ್ತು ಯಾವಾಗ ಆಗಬೇಕು (ಗುಂಪಿನ ಮೊದಲಲ್ಲಿ ರ ಮತ್ತು ಹಲಂತ ಬಂದರೆ ಸಾಕು, ತಾನಾಗೇ).

ಅದರ ಮೇಲಿನ ಸಾಲು ತೆಲುಗಿನದ್ದು. ಅದನ್ನ ನೋಡಿದಾಗ ನನಗೆ ಆಶ್ಚರ್ಯ ಆಯ್ತು. ಅಕ್ಕತಂಗಿಯರಂಥ ಲಿಪಿಗಳು. ಆದರೆ ಈ ಒಂದು ವಿಷಯದಲ್ಲಿ ಪೂರ್ತಿ ಉಲ್ಟಾ. ತೆಲುಗಿನಲ್ಲಿ ರ, ಹಲಂತ, ಯ ಬಂದರೆ ರ ಪೂರ್ತಿ ಉಳಿದು ಕೆಳಗೆ ಒತ್ತು ಬರುತ್ತೆ. ಅರ್ಕಾವತ್ತಿನಂಥ ಚಿಹ್ನೆ, ಅವರು ವಲಪಲಗಿಲಕ ಅಂತಾರೆ, ಬೇಕಿದ್ದರೆ ಹಲಂತ ಆದ ಮೇಲೆ ಜೋಡಕ ಹಾಕಿ ಕೇಳಿ ಪಡೀಬೇಕು. ಅಂದರೆ ರ, ಹಲಂತ, ಜೋಡಕ ಅನ್ನೋ ಅದೇ ಮೂರು ಸಂಖ್ಯೆಗಳಿಗೆ ತೆಲುಗಿನಲ್ಲಿ "ಅರ್ಕಾವತ್ತು ಹಾಕು" ಅಂತ ಅರ್ಥ, ಹಳೆಗಾಲದ ಕನ್ನಡ ಫೈಲಿನಲ್ಲಿ "ಅರ್ಕಾವತ್ತು ಹಾಕಬೇಡ" ಅಂತ ಅರ್ಥ! ಮತ್ತೆ, ನಮ್ಮ ಅಪ್ಪಯ್ಯ ಮಕ್ಕಳಿಗೆ ಸುಲಭ ಅಂತ ಹಿಡಿದ ದಾರಿ ಪಕ್ಕದ ಮನೆಯಲ್ಲಿ ಮಾಮೂಲಿ ದಾರಿ. ಫೋನಲ್ಲಿ ಹೇಳಿದಾಗ "ನಾ ಹೇಳ್ಲಿಲ್ವಾ" ಅಂದರು. ಯಾವಾಗ ಹೇಳಿದ್ದರೋ!

ಇನ್ನೂ ಕೆಳಗೆ ಹೋದರೆ ನಾನು ಹುಡುಕ್ತಿದ್ದ ಜಾಗ ಸಿಕ್ತು. ವ್ಯಂಜನದ ಗುಂಪನ್ನ ಮರುಜೋಡಿಸುವ ಕಾರ್ಯದ ಮೊದಲಲ್ಲೇ ಏಳೆಂಟು ಸಾಲು. ಮೇಲೆ ಒಂದು ಟಿಪ್ಪಣಿ. ನನ್ನ ಮಾತಲ್ಲಿ ಹೇಳೋದಾದರೆ ಅದರ ಸಾರ: ಕನ್ನಡದ ಹಳೆಯ ಬಳಕೆಯ ಜೊತೆ ಹೊಂದಿಕೊಳ್ಳಲು, ರ-ಹಲಂತ-ಜೋಡಕ ಬಂದರೆ ಅದನ್ನ ರ-ಜೋಡಕ-ಹಲಂತ ಅಂತಲೇ ನೋಡಬೇಕು. ಕೆಳಗಿನ ಕೋಡು ಅಷ್ಟೇ ಸರಳ. ಲಿಪಿ ಕನ್ನಡವೇ? ಗುಂಪಿನಲ್ಲಿ ಕನಿಷ್ಠ ಮೂರು ಇವೆಯೇ? ಮೊದಲನೆಯದು ರ, ಎರಡನೆಯದು ಹಲಂತ, ಮೂರನೆಯದು ಜೋಡಕವೇ? ಹಾಗಾದರೆ ಎರಡನೆಯದನ್ನೂ ಮೂರನೆಯದನ್ನೂ ಅದಲು ಬದಲು ಮಾಡು.

ಇಷ್ಟೇ. ಇಡೀ ಪ್ರಪಂಚದ ಹಳೆಯ ಕನ್ನಡ ಫೈಲುಗಳ ರ-ಕಾರ ಈ ಏಳೆಂಟು ಸಾಲಿನ ಮೇಲೆ ನಿಂತಿದೆ! ಪಕ್ಕದಲ್ಲಿ ಒಂದು ದೂರಿನ ನಂಬರೂ ಇದೆ. ಅಂದರೆ ಯಾರೋ ಒಬ್ಬರು, ನಮ್ಮ ಅಪ್ಪಯ್ಯನ ಹಾಗೇ, "ಇದು ನಾ ಬರೆದದ್ದಲ್ಲ" ಅಂತ ಹೇಳಿದ್ದಾರೆ. ಯಾರೋ ಕೇಳಿಸಿಕೊಂಡಿದ್ದಾರೆ.

* * *

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಇದೇ ಕಾರಣ ಅಂತ ಖಾತ್ರಿ ಆಗಬೇಡವೇ? ರಿಪೇರಿ ಮಾಡೋನು ಒಂದು ಸಲ ಕೆಡಿಸಿಯೂ ನೋಡಬೇಕು.

ಆ ಸಾಲುಗಳನ್ನ ಕಾಮೆಂಟ್ ಮಾಡಿ ನಿಷ್ಕ್ರಿಯ ಮಾಡಿದೆ. ಮತ್ತೆ ನಿಂಜಾ. ಈ ಸಲ ಬದಲಾದ ಫೈಲು ಮಾತ್ರ ಕಟ್ಟಬೇಕಾದ್ದರಿಂದ ಕೆಲವೇ ಸೆಕೆಂಡು. ಅದೇ ಪದ, ಅದೇ ಫಾಂಟು ಕೊಟ್ಟು ಎಚ್‌ಬಿ-ವ್ಯೂ ಓಡಿಸಿದೆ.

ಸೂರ್‌ಯ.

ಗಂಡ ಹೆಂಡತಿ ಜಗಳ ಆಡಿ ಕೂತಿದ್ದರು!

ಸಾಲು ವಾಪಸ್ ಹಾಕಿದೆ, ಕಟ್ಟಿದೆ. ಸೂರ‍್ಯ. ತೆಗೆದೆ, ಸೂರ್‌ಯ. ಮೂರ್ನಾಲ್ಕು ಸಲ ಮಾಡಿದೆ. ಸ್ವಿಚ್ ಹಾಕಿ ತೆಗೆದು ದೀಪ ನೋಡೋ ಮಗುವಿನ ಹಾಗೆ. ಅಷ್ಟೊತ್ತಿಗೆ ಮಗಳು ಬಂದು ಪಕ್ಕದಲ್ಲಿ ನಿಂತಿದ್ದಳು. "ಅಪ್ಪಾ, ನೀನೇ ಲೆಟರ್ಸ್ ಚೇಂಜ್ ಮಾಡ್ತಿದ್ದೀಯಾ?" ಅಂದಳು. ಅವಳಿಗೆ ಅದು ಮ್ಯಾಜಿಕ್ಕು. ನನಗೂ ಅವತ್ತು ಹಾಗೇ ಅನ್ನಿಸ್ತು ಅಂತ ಒಪ್ಕೋತೀನಿ.

ನನ್ನ ಪುಟ ಜೋಡಿಸೋ ಪ್ರೋಗ್ರಾಮು ತನ್ನ ಡಬ್ಬದಲ್ಲೇ ಒಂದು ಹಳೆಯ ಹಾರ್ಫ್‌ಬಜ್ ಇಟ್ಟುಕೊಂಡಿತ್ತು. ಈ ಸಾಲುಗಳು ಹುಟ್ಟೋ ಮುಂಚಿನದ್ದು. ಇದು ಎಷ್ಟೋ ಜನರಿಗೆ ಗೊತ್ತಿಲ್ಲ: ಸಿಸ್ಟಮ್ಮಿನ ಲೈಬ್ರರಿ ಹೊಸದಾದ ಮಾತ್ರಕ್ಕೆ ಎಲ್ಲ ಪ್ರೋಗ್ರಾಮಿಗೂ ಹೊಸದು ಸಿಗೋದಿಲ್ಲ. ಫೈರ್‌ಫಾಕ್ಸ್, ಕ್ರೋಮ್ ಕೂಡ ತಮ್ಮದೇ ಪ್ರತಿ ತಮ್ಮೊಳಗೇ ಇಟ್ಟುಕೊಳ್ಳುತ್ತವೆ, ಆದರೆ ಆಗಾಗ ಹೊಸದು ಮಾಡಿಕೊಳ್ಳುತ್ತವೆ. ಮಾಡಿಕೊಳ್ಳದವು ಹಳೆಯ ಕಾಲದಲ್ಲೇ ಉಳೀತವೆ. ಒಂದೇ ಕಂಪ್ಯೂಟರಿನಲ್ಲಿ ಒಂದೇ ಫೈಲು ಎರಡು ಕಡೆ ಎರಡು ಥರ ಕಾಣೋದು ಈ ಕಾರಣಕ್ಕೆ.

ಹಳೆಯ ಆವೃತ್ತಿಯ ಮೂಲ ತಂದು, ಅದಕ್ಕೆ ಈ ಸಾಲುಗಳನ್ನ ಅಂಟಿಸಿ, ಹಳೆಯ ಶಾಸ್ತ್ರದಲ್ಲೇ ಕಟ್ಟೋದು ಅಂತ ಸಿದ್ಧನಾದೆ. ಭಾನುವಾರ ಅರ್ಧ ದಿನ ಅದರಲ್ಲೇ ಹೋಯ್ತು. ಕೊನೆಗೆ ತಿಳಿದದ್ದು, ಅಷ್ಟೆಲ್ಲ ಬೇಕಾಗೇ ಇರಲಿಲ್ಲ! ಹಾರ್ಫ್‌ಬಜ್‌ನವರು ಒಂದು ವ್ರತ ಪಾಲಿಸ್ತಾರೆ. ಹೊರಗಿನ ಪ್ರೋಗ್ರಾಮುಗಳು ಕರೆಯುವ ಬಾಗಿಲುಗಳನ್ನ ಅವರು ಮುಚ್ಚೋದಿಲ್ಲ. ಹಾಗಾಗಿ ಹಳೆಯದರ ಜಾಗದಲ್ಲಿ ಹೊಸದನ್ನ ಇಟ್ಟರೂ ಪ್ರೋಗ್ರಾಮಿಗೆ ಗೊತ್ತಾಗೋದಿಲ್ಲ. ಲೈಬ್ರರಿ ಹುಡುಕುವ ದಾರಿಯಲ್ಲಿ ನಾನು ಕಟ್ಟಿದ ಹೊಸ ಪ್ರತಿ ಮೊದಲು ಸಿಗೋ ಹಾಗೆ ಮಾಡಿ ಪ್ರೋಗ್ರಾಮು ತೆರೆದೆ. ಅಪ್ಪಯ್ಯನ ಪುಟಗಳು ತೆರೆದುಕೊಂಡವು. ಸೂರ‍್ಯ, ಕೀರ‍್ತಿ, ಮಾರ‍್ಗ. ಫೈಲಿನ ಒಂದು ಸಂಖ್ಯೆಯನ್ನೂ ಮುಟ್ಟಿರಲಿಲ್ಲ.

* * *

ಎಲ್ಲಾ ಸರಿ ಹೋಯ್ತು ಅಂತ ಬೀಗುತ್ತಾ, ಪುಸ್ತಕದ ಕೊನೆಗೆ ಒಂದು ಪದಸೂಚಿ ಮಾಡೋಣ ಅಂತ ಹೊರಟೆ. "ಸೂರ‍್ಯ" ಅಂತ ನಾನೇ ಟೈಪ್ ಮಾಡಿ ಹುಡುಕಿದೆ. ಒಂದೂ ಸಿಗಲಿಲ್ಲ! ಎದುರಿಗೇ ಇದೆ, ಹುಡುಕಿದರೆ ಇಲ್ಲ.

ಯಾಕಂದ್ರೆ ಹಾರ್ಫ್‌ಬಜ್ ಅದಲು ಬದಲು ಮಾಡೋದು ತೋರಿಸುವಾಗ ಮಾತ್ರ. ಫೈಲಿನೊಳಗೆ ಹಳೆಯ ಕ್ರಮವೇ ಇದೆ. ನಾನು ಟೈಪ್ ಮಾಡಿದ್ದು ಹೊಸ ಕ್ರಮ. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ. ಅರ್ಕಾವತ್ತಿನ ಸೂರ್ಯ ಮೂರನೆಯದು. ಒಂದು ಪದ, ಮೂರು ವೇಷ.

ಹಾಗಾಗಿ ಈಗ ಎರಡು ಪ್ರತಿ ಇಟ್ಟಿದ್ದೀನಿ. ಒಂದು, ಅಪ್ಪಯ್ಯ ಟೈಪ್ ಮಾಡಿದ ಮೂಲ, ಇದ್ದದ್ದು ಇದ್ದ ಹಾಗೆ. ಇನ್ನೊಂದರಲ್ಲಿ ಜೋಡಕವನ್ನ ಹೊಸ ಪದ್ಧತಿಯ ಜಾಗಕ್ಕೆ ಸರಿಸಿದ್ದೀನಿ, ಹುಡುಕೋದಕ್ಕೆ, ಪದಸೂಚಿಗೆ. ಅಕ್ಷರದ ರೂಪ ಎರಡರಲ್ಲೂ ಒಂದೇ. ಇದು ಅಪ್ಪಯ್ಯನಿಗೂ ಒಪ್ಪಿಗೆ. ನಿಮ್ಮ ಮನೆಯಲ್ಲೂ ಇಂಥ ಹಳೆ ಫೈಲುಗಳಿದ್ದರೆ ಇದನ್ನೇ ಹೇಳ್ತೀನಿ: ಮೂಲ ಮುಟ್ಟಬೇಡಿ, ಪ್ರತಿ ತಿದ್ದಿ.

ಈ ಮೂರು ವಾರದಲ್ಲಿ ತಲೆಯಲ್ಲಿ ಕೊರೀತಿರೋದು ಒಂದೇ ವಿಷಯ. ಹಾರ್ಫ್‌ಬಜ್ ಕಟ್ಟಿದವರು ಭಾರತೀಯ ಲಿಪಿಗಳನ್ನ ಸರಿ ಮಾಡುವಾಗ ವಿಂಡೋಸಿನ ಜೋಡಣೆಯ ಜೊತೆ ಪದ ಪದ ಹೋಲಿಸಿ ನೋಡಿದರಂತೆ. ಕನ್ನಡದ್ದೇ ಒಂಬತ್ತೂವರೆ ಲಕ್ಷಕ್ಕೂ ಹೆಚ್ಚು ಪದ! ಎಲ್ಲೋ ಕೂತ, ಕನ್ನಡ ಮನೆಮಾತಲ್ಲದ ಎಂಜಿನಿಯರುಗಳು ನಮ್ಮ ಒತ್ತು, ದೀರ್ಘಗಳನ್ನ ಅಷ್ಟು ಶ್ರದ್ಧೆಯಿಂದ ನೋಡಿದ್ದಾರೆ. ಆದರೆ ಹೋಲಿಸಿ ನೋಡಿದಾಗ ಸಿಗೋದು ಎರಡು ಯಂತ್ರಗಳ ನಡುವಿನ ವ್ಯತ್ಯಾಸ ಮಾತ್ರ. ಯಂತ್ರ ತೋರಿಸಿದ್ದು ಬರೆದವರ ಮನಸ್ಸಿನಲ್ಲಿ ಇದ್ದದ್ದೇ ಹೌದೋ ಅಲ್ಲವೋ ಅಂತ ಹೇಳಬೇಕಾದವರು ಕನ್ನಡ ಓದೋರು.

ನಾವು ಏನು ಮಾಡ್ತೀವಿ? ಅಕ್ಷರ ಒಡೆದು ಕಂಡರೆ "ಕನ್ನಡ ಸಪೋರ್ಟ್ ಸರಿಯಿಲ್ಲ" ಅಂತ ಬೈದು, ಪದವನ್ನೇ ಬದಲಿಸಿ ಮುಂದೆ ಹೋಗ್ತೀವಿ. ನಾನೂ ಮಾಡೋದಿದ್ದೆ, ಎರಡೇ ನಿಮಿಷದ ಕೆಲಸ ಅಂದೆನಲ್ಲ! ಹಾಗೆ ಯಂತ್ರ ಕಷ್ಟಪಡೋ ರೂಪಗಳನ್ನ ನಾವೇ ಒಂದೊಂದಾಗಿ ಬಿಟ್ಟುಕೊಡ್ತಾ ಹೋದರೆ, ಲಿಪಿ ಹೇಗಿರಬೇಕು ಅಂತ ಕೊನೆಗೆ ಯಂತ್ರವೇ ತೀರ್ಮಾನ ಮಾಡುತ್ತೆ. ಬಿಟ್ಟುಕೊಡದೇ ಇರೋಕೆ ಬೇಕಾಗಿದ್ದು ದೊಡ್ಡ ವಿದ್ಯೆಯೇನಲ್ಲ ಅಂತ ಈಗ ಧೈರ್ಯವಾಗಿ ಹೇಳಬಲ್ಲೆ. ಯಾವ ಫಾಂಟು, ಯಾವ ಸಂಖ್ಯೆಗಳು, ಏನು ಕಂಡಿತು, ಏನು ಕಾಣಬೇಕಿತ್ತು. ಈ ನಾಲ್ಕು ಮಾತು ಸ್ಪಷ್ಟವಾಗಿ ಬರೆದರೆ ಒಂದು ಒಳ್ಳೆಯ ದೂರು ಆಗುತ್ತೆ. ಕೋಡ್ ಬರೆಯೋದು ಆಮೇಲಿನ ಮಾತು. ಬರೆಯೋದಾದರೆ ಜೊತೆಗೆ ಒಂದು ಪರೀಕ್ಷೆಯನ್ನೂ ಸೇರಿಸಬೇಕು: ಈ ಫಾಂಟಿಗೆ ಈ ಸಂಖ್ಯೆ ಕೊಟ್ಟರೆ ಈ ಅಚ್ಚು ಬರಬೇಕು ಅಂತ. ಮುಂದೆ ಯಾರಾದರೂ ಗೊತ್ತಿಲ್ಲದೆ ಆ ಸಾಲು ಕೆಡಿಸಿದರೆ ಆ ಪರೀಕ್ಷೆ ಕೂಗಿಕೊಳ್ಳುತ್ತೆ.

ಪುಸ್ತಕ ಹೋದ ವಾರ ಅಚ್ಚಾಗಿ ಊರು ತಲುಪಿತು. ರಾತ್ರಿ ಫೋನು ಬಂತು. ಮೊದಲು ಮಳೆ, ಆಮೇಲೆ ಕೊಳೆರೋಗ. ಆಮೇಲೆ, "ಪುಸ್ತಕ ಬಂತು. ಮೂವತ್ತೆರಡನೇ ಪುಟದಲ್ಲಿ ಒಂದು ಮಹಾಪ್ರಾಣ ಬಿಟ್ಟು ಹೋಗಿದೆ."

ತೆಗೆದು ನೋಡಿದೆ. ಅದು ಮಾತ್ರ ಅವರದ್ದೇ ತಪ್ಪು, 2007ರಿಂದ ಫೈಲಿನಲ್ಲಿ ಹಾಗೇ ಇದೆ. ಹೇಳೋಕೆ ಹೋಗಲಿಲ್ಲ.

ಮಗಳು ಈಗ ಮೂರನೇ ಅಧ್ಯಾಯದಲ್ಲಿದ್ದಾಳೆ. ಸೂರ‍್ಯ ಸಲೀಸಾಗಿ ಓದ್ತಾಳೆ. ನಿನ್ನೆ ಅದನ್ನೇ ಅರ್ಕಾವತ್ತು ಹಾಕಿ ಬರೆದು ತೋರಿಸಿದೆ. ಒಂದು ಕ್ಷಣ ನೋಡಿ, "ಇದೂ ಸೂರ್ಯನೇ. ಆದ್ರೆ ರ ಹಿಂದೆ ಹೋಗಿದೆ" ಅಂದಳು.

ಅಪ್ಪಯ್ಯನ ಪಾಠದ ಎರಡನೇ ಭಾಗ ಶುರುವಾಗಿದೆ ಅನ್ಸುತ್ತೆ.